ಹದಿನೇಳನೆಯ ಕಲ್ಲು

(ಮಳೆ ಹೊಳವಾದ ಒಂದು ಸಂಜೆ, ಭೂಮಾಪನ ಇಲಾಖೆಯಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಸರಪಣಿ ಹಿಡಿದು ನಿವೃತ್ತರಾದ ತಂದೆಯೂ, ಗಣಕಯಂತ್ರಗಳ ಪೋಷಣೆಯನ್ನೇ ವೃತ್ತಿಯಾಗಿ ಮಾಡಿಕೊಂಡ ಮಗಳೂ ಮನೆಯ ಜಗಲಿಯ ಮೇಲೆ ಕುಳಿತು ಆಡಿದ ಮಾತುಗಳು. ತಂದೆಯ ಹಳೆಯ ಸರಪಣಿ ಜಗಲಿಯ ಗೋಡೆಯ ಗೂಟಕ್ಕೆ ತೂಗುಬಿದ್ದಿತ್ತು.)

ತಂದೆ: ನಿನ್ನೆ ಊಟಕ್ಕೆ ಕುಳಿತಾಗ ನೀನು ಅರ್ಧಕ್ಕೆ ನಿಲ್ಲಿಸಿದ ಮಾತು ರಾತ್ರಿಯೆಲ್ಲ ನನ್ನನ್ನು ಬಿಡಲಿಲ್ಲ ಕಣಮ್ಮಾ. ಲೆಕ್ಕದಲ್ಲಿ ಒಂದೇ ಒಂದು ಅಕ್ಷರ ತಪ್ಪಿದುದರಿಂದ ಇಡೀ ಯಂತ್ರವೇ ಪರರ ಕೈವಶವಾಗುವುದೆಂದೆಯಲ್ಲ, ಅದು ಹೇಗೆ ಸಾಧ್ಯ? ನನ್ನ ಕಾಲದಲ್ಲಿ ಒಂದು ಅಂಗುಲ ತಪ್ಪಿದರೆ ಇಬ್ಬರು ರೈತರು ಜಗಳವಾಡುತ್ತಿದ್ದರು. ಊರಿಗೆ ಊರೇ ಅನ್ಯರ ಪಾಲಾಗುತ್ತಿರಲಿಲ್ಲ.

ಮಗಳು: ಆ ಅಕ್ಷರದ ಕಥೆಗೆ ಮುನ್ನ ಅದು ಹೊಕ್ಕ ಮನೆಯ ಕಥೆಯನ್ನು ಹೇಳಬೇಕು, ಅಪ್ಪಾ, ಏಕೆಂದರೆ ನನಗಿರುವ ದುಃಖವೆಲ್ಲ ಆ ಮನೆಯನ್ನು ಕುರಿತದ್ದು. ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಕಡತಗಳನ್ನು ಸಾಗಿಸುವುದಕ್ಕೆ ಎಫ್‌ಟಿಪಿ ಎಂಬ ಒಂದು ನಿಯಮಾವಳಿಯಿದೆ. ಅದರ ಮೊದಲ ಕರಡನ್ನು 1971ರ ಏಪ್ರಿಲ್‌ನಲ್ಲಿ ಬರೆದವರು ಅಭಯ್ ಭೂಷಣ್. ಅಲಹಾಬಾದಿನಲ್ಲಿ ಹುಟ್ಟಿ, ಕಾನ್ಪುರದ ಐಐಟಿಯ ಮೊಟ್ಟಮೊದಲ ತಂಡದಲ್ಲಿ ಓದಿ, ಅಮೆರಿಕದ ಎಂಐಟಿಗೆ ಹೋಗಿದ್ದವರು. ಆಗ ಜಾಲದಲ್ಲಿದ್ದ ಯಂತ್ರಗಳನ್ನು ಬೆರಳುಮಡಿಸಿ ಎಣಿಸಬಹುದಾಗಿತ್ತು. ಮುಂದೆ ಈ ನಿಯಮದ ಸುತ್ತ ಒಂದು ಉದಾರವಾದ ಸಂಪ್ರದಾಯವು ಬೆಳೆಯಿತು. ವಿಶ್ವವಿದ್ಯಾನಿಲಯಗಳು ತಮ್ಮಲ್ಲಿದ್ದ ತಂತ್ರಾಂಶವನ್ನೂ ಗ್ರಂಥಗಳನ್ನೂ ಒಂದು ಯಂತ್ರದಲ್ಲಿಟ್ಟು, ಯಾರು ಬಂದರೂ ಬಾಗಿಲು ತೆರೆಯುತ್ತಿದ್ದವು. ಬಂದವನು ಹೆಸರು ಕೇಳಿದಲ್ಲಿ ‘ಅನಾನಿಮಸ್’ ಎಂದು ಬರೆದರೆ ಸಾಕು. ಗುಪ್ತಪದ ಕೇಳಿದಲ್ಲಿ ತನ್ನ ಮಿಂಚಂಚೆಯ ವಿಳಾಸವನ್ನು ಬರೆಯುವುದು ಮರ್ಯಾದೆ. ಒಳಗೆ ‘ಇನ್‌ಕಮಿಂಗ್’ ಎಂಬ ಒಂದು ಕೋಣೆಯಿರುತ್ತಿತ್ತು. ನಿಮ್ಮಲ್ಲೇನಾದರೂ ಕೊಡುವಂಥದಿದ್ದರೆ ಅಲ್ಲಿಟ್ಟು ಹೋಗಬಹುದು.

ತಂದೆ: ಛತ್ರವಿದ್ದಂತೆ ಆಯಿತು. ಉಂಡವನೇ ಹೊರಡುವಾಗ ಒಂದು ಹಿಡಿ ಅಕ್ಕಿಯನ್ನು ಇಟ್ಟುಹೋಗುವ ಛತ್ರ.

ಮಗಳು: ಹಾಗೆಯೇ. ಅಂಥ ಛತ್ರಗಳಲ್ಲಿ ಬಹು ದೊಡ್ಡದು ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ್ದು. ಬರುವವರ ಸಂದಣಿಯನ್ನು ತಾಳಿಕೊಳ್ಳುವುದಕ್ಕಾಗಿ ಅಲ್ಲಿಯವರೇ ಒಂದು ಸರ್ವರ್ ತಂತ್ರಾಂಶವನ್ನು ಸಿದ್ಧಮಾಡಿಕೊಂಡರು. ವಿಶ್ವವಿದ್ಯಾನಿಲಯದ ಮೊದಲಕ್ಷರಗಳಿಂದಲೇ ಅದಕ್ಕೆ ಡಬ್ಲ್ಯುಯು-ಎಫ್‌ಟಿಪಿಡಿ ಎಂಬ ಹೆಸರು ಬಂತು. ತೊಂಬತ್ತರ ದಶಕದಲ್ಲಿ ಲೋಕದ ಬಹುಪಾಲು ಛತ್ರಗಳು ಅದನ್ನೇ ತಂದು ಹೂಡಿದವು. ನಾನು ಆಗ ನೋಡಿಕೊಳ್ಳುತ್ತಿದ್ದ ಯಂತ್ರದಲ್ಲಿಯೂ ಅದೇ ಇತ್ತು.

ತಂದೆ: ಒಳ್ಳೆಯದು. ಈಗ ತಪ್ಪಿಗೆ ಬಾ.

ಮಗಳು: ಬರುತ್ತೇನೆ. ಅತಿಥಿಯು ಕೋಣೆಯಿಂದ ಕೋಣೆಗೆ ಹೋಗುವಾಗ ದಾರಿಯನ್ನು ನಾನಾ ವಿಧವಾಗಿ ಹೇಳಬಹುದು. ‘ಒಂದು ಮೆಟ್ಟಿಲು ಮೇಲೆ ಹೋಗಿ ಆಚೆಯ ಕೋಣೆ’ ಎನ್ನಬಹುದು. ಇನ್ನೊಂದು ಹೆಸರಿನ ಮರೆಯಲ್ಲಿರುವ ಅಡ್ಡದಾರಿಯನ್ನು ಹೇಳಬಹುದು. ಸರ್ವರು ಆ ವಕ್ರೋಕ್ತಿಗಳನ್ನೆಲ್ಲ ಬಿಡಿಸಿ, ಮನೆಯ ಬುಡದಿಂದ ಮೊದಲುಗೊಂಡು ನಿಜವಾದ ಹಾದಿ ಯಾವುದೆಂದು ಬರೆದುಕೊಳ್ಳಬೇಕು. ಇಲ್ಲದಿದ್ದರೆ ಅತಿಥಿಯು ಹೋಗಬಾರದ ಕಡೆಗೆ ಹೋದಾನು. ಈ ಕೆಲಸ ಮಾಡುವ ಭಾಗಕ್ಕೆ ರಿಯಲ್‌ಪಾತ್, ಎಂದರೆ ನಿಜಪಥ, ಎಂದು ಹೆಸರು. ಬರೆದುಕೊಳ್ಳುವುದಕ್ಕೆ ಅದಕ್ಕೊಂದು ಪಾತ್ರೆ ಬೇಕು. ಅದನ್ನು ನಾವು ಬಫರ್ ಎನ್ನುತ್ತೇವೆ. ನಾನು ಹೇಳುವ ಯಂತ್ರಗಳಲ್ಲಿ ಆ ಪಾತ್ರೆಯ ಹಿಡಿತ 4096 ಅಕ್ಷರ. ಕಾವಲಿಗಾಗಿ ಇಟ್ಟ ಈ ಕೆಲಸದಲ್ಲಿಯೇ ಬಿರುಕು ಬಿಟ್ಟಿತೆಂಬುದನ್ನು ನೆನೆದರೆ ನನಗೆ ಇಂದಿಗೂ ಮನಸ್ಸು ಕಲಕುತ್ತದೆ.

ತಂದೆ: ಪಾತ್ರೆ ತುಂಬಿದ ಮೇಲೂ ಹೊಯ್ದರೆ ಚೆಲ್ಲುತ್ತದೆ. ಚೆಲ್ಲಿದ್ದನ್ನು ಒರೆಸಿದರೆ ತೀರಿತಲ್ಲವೆ?

ಮಗಳು: ಈ ಪಾತ್ರೆಗಳು ಒಂದಕ್ಕೊಂದು ಆತುಕೊಂಡು, ನಡುವೆ ಬದುವೇ ಇಲ್ಲದ ಗದ್ದೆಗಳಂತೆ ಇರುತ್ತವೆ. ಸಿ ಎಂಬ ಭಾಷೆಯಲ್ಲಿ ಬರೆದ ತಂತ್ರಾಂಶವು, ಅಳೆದು ನೋಡೆಂದು ನಾವೇ ಹೇಳದ ಹೊರತು, ಪಾತ್ರೆ ತುಂಬಿತೇ ಎಂದು ತಾನಾಗಿ ನೋಡುವುದಿಲ್ಲ. ಹೆಚ್ಚಾದುದು ಪಕ್ಕದ ಗದ್ದೆಗೆ ಹರಿಯುತ್ತದೆ. ಆ ಪಕ್ಕದ ಗದ್ದೆಯಲ್ಲಿ ಏನಿರುತ್ತದೆಂದು ಬಲ್ಲಿರಾ? ಈ ಕೆಲಸವು ಮುಗಿದ ಬಳಿಕ ಯಂತ್ರವು ಎಲ್ಲಿಗೆ ಹಿಂದಿರುಗಬೇಕು, ಎಲ್ಲಿ ಬಿಟ್ಟ ಕೆಲಸವನ್ನು ಮತ್ತೆ ಹಿಡಿಯಬೇಕು ಎಂದು ತನಗೆ ತಾನೇ ಬರೆದಿಟ್ಟುಕೊಂಡ ಚೀಟಿ. ಆ ಚೀಟಿಯ ಮೇಲೆ ಅತಿಥಿಯ ಬರಹ ಹರಿಯಿತೆಂದರೆ, ಯಂತ್ರವು ಅತಿಥಿಯು ಹೇಳಿದಲ್ಲಿಗೆ ಹೋಗಿ, ಅವನು ಬರೆದ ಆಜ್ಞೆಯನ್ನೇ ತನ್ನ ಆಜ್ಞೆಯೆಂದು ನಡೆಸುತ್ತದೆ. ಇದು ಹಳೆಯ ರೋಗ. 1988ರ ನವೆಂಬರ್ 2ರಂದು ಮಾರಿಸ್ ಎಂಬ ವಿದ್ಯಾರ್ಥಿಯು ಬಿಟ್ಟ, ತಾನಾಗಿ ಹರಡುವ ‘ಹುಳು’ ತಂತ್ರಾಂಶವು ಜಾಲದ ಸಾವಿರಾರು ಯಂತ್ರಗಳನ್ನು ಕುಸಿಯುವಂತೆ ಮಾಡಿತಲ್ಲ, ಅದು ಹಿಡಿದ ದಾರಿಗಳಲ್ಲಿ ಒಂದು ಇದೇ: 512 ಅಕ್ಷರಗಳ ಪಾತ್ರೆಗೆ 536 ಅಕ್ಷರಗಳನ್ನು ಹೊಯ್ದದ್ದು. ಹಾಗಿದ್ದೂ, 1999ರ ಫೆಬ್ರವರಿಯಲ್ಲಿ ನಮ್ಮ ಈ ಸರ್ವರಿನಲ್ಲಿಯೇ, ಅತಿಥಿಯು ಕೊಟ್ಟ ಕೋಣೆಯ ಹೆಸರಿನ ಉದ್ದವನ್ನು ಸರಿಯಾಗಿ ಅಳೆಯುತ್ತಿಲ್ಲವೆಂದು ಯಂತ್ರಗಳ ಭದ್ರತೆಯ ಲೋಪಗಳನ್ನು ಸಾರುವ ಸರ್ಟ್ ಸಂಸ್ಥೆಯು ಎಚ್ಚರಿಕೆಯ ಪ್ರಕಟಣೆಯನ್ನು ಹೊರಡಿಸಬೇಕಾಯಿತು.

ತಂದೆ: ಹಾಗಾದರೆ 1999ರ ತರುವಾಯ ಅಳೆದಿರಬೇಕು.

ಮಗಳು: ಅಳೆದರು. ನನ್ನ ಕಥೆಯಿರುವುದು ಅಲ್ಲಿಯೇ. 2003ರ ಜುಲೈ 31ರಂದು ಪೋಲೆಂಡಿನ ಇಬ್ಬರು ಸಂಶೋಧಕರು ಪ್ರಕಟಿಸಿದ ದೋಷವು ಅಳೆಯದೆ ಬಿಟ್ಟುದಲ್ಲ. ಅಳೆದು ಒಂದು ತಪ್ಪಿದುದು. ಮರುದಿನ ನಾನು ಆ ಸಾಲನ್ನು ಕಾಗದದ ಮೇಲೆ ಬರೆದುಕೊಂಡು, ಸೀಸದ ಕಡ್ಡಿ ಹಿಡಿದು ಮಧ್ಯಾಹ್ನದವರೆಗೆ ಕುಳಿತೆ. ನಿಮಗೂ ತೋರಿಸುತ್ತೇನೆ, ಆ ಸ್ಲೇಟನ್ನು ಕೊಡಿ. ಹಾದಿಯನ್ನು ಬರೆಯುವುದು ಹೀಗೆ: ಇದುವರೆಗೆ ಬಿಡಿಸಿದ ಹಾದಿ, ಆಮೇಲೆ ಒಂದು ಓರೆಗೆರೆ, ಆಮೇಲೆ ಮುಂದಿನ ಕೋಣೆಯ ಹೆಸರು. ಎಲ್ಲಕ್ಕೂ ಕೊನೆಯಲ್ಲಿ ಮಾತು ಇಲ್ಲಿಗೆ ಮುಗಿಯಿತೆಂದು ಸೂಚಿಸುವ ಒಂದು ಸೊನ್ನೆ. ಅದು ಕಣ್ಣಿಗೆ ಕಾಣದಿದ್ದರೂ ಪಾತ್ರೆಯಲ್ಲಿ ಒಂದು ಅಕ್ಷರದ ಜಾಗವನ್ನು ಹಿಡಿಯುತ್ತದೆ.

ತಂದೆ: ಓರೆಗೆರೆಗೆ ಒಂದು, ಸೊನ್ನೆಗೆ ಒಂದು. ಸರಿ.

ಮಗಳು: ಆದರೆ ಹಿಂದಿನ ಹಾದಿಯು ಮನೆಯ ಬುಡವೇ ಆಗಿದ್ದರೆ, ಆ ಬುಡದ ಹೆಸರೇ ಒಂದು ಓರೆಗೆರೆ, ಆಗ ಬೇರೊಂದನ್ನು ಸೇರಿಸಬೇಕಾಗಿಲ್ಲ. ಇದನ್ನು ನೆನಪಿಡುವುದಕ್ಕೆ ಬರೆದವರು ‘ರೂಟ್‌ಡಿ’ ಎಂಬ ಒಂದು ಗುರುತನ್ನು ಇಟ್ಟುಕೊಂಡಿದ್ದರು: ಬುಡದಲ್ಲಿದ್ದರೆ ಅದರ ಬೆಲೆ 1, ಇಲ್ಲದಿದ್ದರೆ 0. ಉದ್ದವನ್ನು ಪರೀಕ್ಷಿಸುವ ಸಾಲಿನಲ್ಲಿ ಅವರು ಹಾದಿಯ ಉದ್ದ, ಹೆಸರಿನ ಉದ್ದ, ರೂಟ್‌ಡಿ, ಅದರ ಮೇಲೆ ಸೊನ್ನೆಗಾಗಿ 1, ಇಷ್ಟನ್ನು ಕೂಡಿಸಿ, ಮೊತ್ತವು 4096ನ್ನು ಮೀರಿದರೆ ‘ಹೆಸರು ಉದ್ದವಾಯಿತು’ ಎಂದು ಹಿಂದಕ್ಕೆ ಕಳುಹಿಸುತ್ತಿದ್ದರು.

ತಂದೆ: (ಸ್ಲೇಟನ್ನು ನೋಡುತ್ತಾ) ತಡೆ, ತಡೆ. ಬುಡದಲ್ಲಿದ್ದಾಗ ಓರೆಗೆರೆ ಬೇಕಿಲ್ಲ. ಆದರೂ 1 ಕೂಡಿಸುತ್ತಾರೆ. ಬುಡ ಬಿಟ್ಟು ಹೊರಗೆ ಬಂದಾಗ ಓರೆಗೆರೆ ಬೇಕು. ಆಗ 0 ಕೂಡಿಸುತ್ತಾರೆ. ಲೆಕ್ಕ ತಲೆಕೆಳಗಾಗಿದೆಯಲ್ಲ!

ಮಗಳು: ಒಂದರಲ್ಲಿ ರೂಟ್‌ಡಿಯನ್ನು ಕಳೆದು ಕೂಡಿಸಬೇಕಾಗಿತ್ತು, ರೂಟ್‌ಡಿಯನ್ನೇ ಕೂಡಿಸಿದರು. ತಿದ್ದುಪಡಿಯೂ ಅಷ್ಟೇ ಚಿಕ್ಕದು. ಅಪ್ಪಾ, ನೀವು ಸ್ಲೇಟನ್ನು ಒಮ್ಮೆ ನೋಡಿ ಕಂಡುದನ್ನು ವರ್ಷಗಟ್ಟಲೆ ಯಾರೂ ಕಾಣಲಿಲ್ಲ. ಅಷ್ಟೇ ಅಲ್ಲ, ಇದೇ ಸಾಲು ಬಿಎಸ್‌ಡಿ ಎಂಬ ಕಾರ್ಯವ್ಯವಸ್ಥೆಗಳ ಗ್ರಂಥಾಲಯದಲ್ಲಿಯೂ ಇತ್ತು, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ, ನೆಟ್‌ಬಿಎಸ್‌ಡಿ ಮೂವರೂ ಆ ಆಗಸ್ಟ್‌ನಲ್ಲಿ ತಮ್ಮ ತಮ್ಮ ಮನೆಯಲ್ಲಿ ಅದನ್ನು ತಿದ್ದಿಕೊಳ್ಳಬೇಕಾಯಿತು.

ತಂದೆ: ಟಿಪ್ಪಣಿಯಲ್ಲಿ ತಪ್ಪಿದ್ದರೆ ಪಹಣಿಯಲ್ಲೂ ತಪ್ಪೇ. ನಕಲು ಮಾಡುವವನು ಹೊಲಕ್ಕೆ ಹೋಗುವುದಿಲ್ಲವಮ್ಮಾ. ಮೂಲದವನು ಹೋಗಿದ್ದನೆಂದು ನಂಬಿರುತ್ತಾನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಡೆದುದನ್ನು ನಿನಗೆ ಹೇಳಿಲ್ಲ. ಒಂದು ಹಳ್ಳಿಯಲ್ಲಿ ಹದ್ದುಬಸ್ತಿಗೆ ಹೋಗಿದ್ದೆ. ನಾನು ಮುಂದಾಗಿ ಬಾಂದು ಕಲ್ಲುಗಳನ್ನು ನೆಡಿಸಿಕೊಂಡು ಹೋದೆ; ಸಂಜೆ ಲೆಕ್ಕ ಬರೆಯುವಾಗ ಸರಪಣಿ ಎಳೆದ ಸಲವನ್ನು ಎಣಿಸುವ ಬದಲು, ಆಯಾಸಕ್ಕೆ, ಕಲ್ಲುಗಳನ್ನೇ ಎಣಿಸಿದೆ. ಹದಿನಾರು ಕಲ್ಲು ಇತ್ತು. ಹದಿನಾರು ಸರಪಣಿ ಎಂದು ಬರೆದೆ.

ಮಗಳು: ಕಲ್ಲು ಹದಿನಾರಾದರೆ ನಡುವಣ ಜಾಗ ಹದಿನೈದು.

ತಂದೆ: ಹದಿನೈದೇ. ಹದಿನಾರು ಸರಪಣಿಗೆ ಹದಿನೇಳನೆಯ ಕಲ್ಲು ಬೇಕು. ಒಂದು ಸರಪಣಿ, ಎಂದರೆ ಮೂವತ್ತಮೂರು ಅಡಿ ಜಮೀನು ಕಾಗದದ ಮೇಲೆ ಹುಟ್ಟಿಕೊಂಡಿತು. ಅದು ಹುಟ್ಟಿದ್ದು ಪಕ್ಕದ ಒಬ್ಬ ವಿಧವೆಯ ರಾಗಿ ಹೊಲದೊಳಗೆ. ಆಕೆಯ ಮಗ ಬಂದು ಹೇಳುವತನಕ ನನಗೆ ಗೊತ್ತಾಗಲಿಲ್ಲ. ಮೇಲಧಿಕಾರಿಗಳಿಗೆ ಹೇಳಿ, ಮತ್ತೆ ಹೋಗಿ, ಆ ತಾಯಿಯ ಎದುರಿನಲ್ಲಿ ನಾನೇ ಸರಪಣಿಯ ತುದಿ ಹಿಡಿದು ಅಳೆದು ತಿದ್ದಿದೆ. ಆಕೆ ಬೈಯಲಿಲ್ಲ. ಮಜ್ಜಿಗೆ ಕೊಟ್ಟಳು.

(ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದರು.)

ತಂದೆ: ಆದರೆ ನನ್ನ ಪ್ರಶ್ನೆ ಇನ್ನೂ ಉಳಿಯಿತು. ಹೆಚ್ಚಾಗಿ ಹರಿಯುವುದು ಒಂದು ಅಕ್ಷರ; ಅದೂ ಸೊನ್ನೆ, ಅತಿಥಿ ತನ್ನಿಚ್ಛೆಯಂತೆ ಬರೆದದ್ದಲ್ಲ. ಅಷ್ಟರಿಂದ ಏನಾದೀತು?

ಮಗಳು: ಮೊದಲು ಅದು ಹರಿಯುವ ಬಗೆಯನ್ನು ನೋಡಿ, ನಿಮ್ಮ ಸರಪಣಿಯ ನೆನಪಾದೀತು. ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯ ಯಂತ್ರದಲ್ಲಿ ಒಂದು ಕೋಣೆಯ ಹೆಸರು ಅತಿ ಹೆಚ್ಚೆಂದರೆ 255 ಅಕ್ಷರ. ಅದಕ್ಕೊಂದು ಓರೆಗೆರೆ ಸೇರಿದರೆ 256. ಅಂಥವನ್ನು ಒಂದರೊಳಗೊಂದರಂತೆ ಎಷ್ಟು ಮಾಡಿದರೆ 4096 ಆದೀತು?

ತಂದೆ: (ಗುಣಿಸಿ) ಹದಿನಾರು! ಹದಿನಾರಾಣೆಗೆ ಒಂದು ಸರಪಣಿ.

ಮಗಳು: ಹದಿನೈದು ಕೋಣೆಗಳವರೆಗಿನ ಹಾದಿ 3840. ಹದಿನಾರನೆಯ ಹೆಸರು 255. ತಪ್ಪು ಸಾಲಿನ ಪ್ರಕಾರ ಸೇರಿಸಿದರೆ 3840, 255, ರೂಟ್‌ಡಿಯ 0, ಸೊನ್ನೆಯ 1: ಒಟ್ಟು 4096, ಮೀರಿಲ್ಲವೆಂದು ಒಳಗೆ ಬಿಡುತ್ತದೆ. ನಿಜವಾಗಿ ಬರೆಯುವುದು 4097. ಕೋಣೆಯ ಮೇಲೆ ಕೋಣೆಯನ್ನು ನಿರ್ಮಿಸಿ ಒಳಹೊಕ್ಕ ಅತಿಥಿಯು ಹದಿನಾರನೆಯದರಲ್ಲಿ ಕಾಲಿಟ್ಟಾಗ, ಹದಿನೇಳನೆಯ ಕಲ್ಲು ನೆರೆಯ ಹೊಲದೊಳಗೆ ಬೀಳುತ್ತದೆ. ಆ ಹೊಲದಲ್ಲಿರುವುದು ಹಿಂದಿರುಗುವ ಗುರುತು. ನೀವು ಚೀಟಿಯಲ್ಲಿ ಸರ್ವೆ ನಂಬರು 147 ಎಂದು ಬರೆದಿದ್ದಿರಿ, ಕೊನೆಯ ಅಂಕಿಯ ಮೇಲೆ ಸೊನ್ನೆ ಬಿದ್ದು 140 ಆಯಿತೆನ್ನಿ. ಯಂತ್ರವು 140ಕ್ಕೆ ಹೋಗುತ್ತದೆ. ಆ 140ನೆಯ ಹೊಲವಾದರೋ ದೂರದ್ದಲ್ಲ, ಅತಿಥಿಯು ಈಗ ತಾನೇ ತನ್ನ ಅಕ್ಷರಗಳಿಂದ ತುಂಬಿದ ಪಾತ್ರೆಯ ಒಳಗೇ ಇರುವುದು ಸಾಧ್ಯ. ಅಲ್ಲಿ ಅವನು ಬಿತ್ತಿದ್ದೇ ಬೆಳೆ. ಈ ಸರ್ವರುಗಳಾದರೋ ಎಲ್ಲ ಬಳಕೆದಾರರ ವೇಷವನ್ನೂ ತೊಡಬೇಕಾದ್ದರಿಂದ ಯಂತ್ರದ ಯಜಮಾನನ ಅಧಿಕಾರವನ್ನು ಕೈಯಲ್ಲಿಟ್ಟುಕೊಂಡೇ ನಡೆಯುತ್ತಿದ್ದವು. ಆದುದರಿಂದ ವಶವಾಗುವುದು ಒಂದು ಕೋಣೆಯಲ್ಲ, ಮನೆಯ ಬೀಗದ ಕೈಗೊಂಚಲು.

ತಂದೆ: ಎಲ್ಲ ಯಂತ್ರಗಳಿಗೂ ಹೀಗೆಯೇ ಆಯಿತೆ?

ಮಗಳು: ಇಲ್ಲ, ಅದು ಇನ್ನೊಂದು ವಿಸ್ಮಯ. ಲಿನಕ್ಸಿನ ಕೆಲವು ಆವೃತ್ತಿಗಳಲ್ಲಿ ಹಾದಿಯ ಪರಮಾವಧಿಯನ್ನು 4096ರ ಬದಲು 4095 ಎಂದು ಬರೆದಿದ್ದರು. ಯಂತ್ರವು ಜಾಗವನ್ನು ನಾಲ್ಕು ನಾಲ್ಕಾಗಿ ಹಂಚುವುದರಿಂದ ಅಲ್ಲಿ ಪಾತ್ರೆಯ ಅಂಚಿಗೆ ಯಾರದೂ ಅಲ್ಲದ ಒಂದು ಅಕ್ಷರದ ಸ್ಥಳ ಉಳಿಯುತ್ತಿತ್ತು. ಹೆಚ್ಚಾದ ಸೊನ್ನೆಯು ಅದರೊಳಗೆ ಬಿದ್ದು ಶಾಂತವಾಗುತ್ತಿತ್ತು.

ತಂದೆ: ಒಂದು ಅಕ್ಷರದ ಖರಾಬು! ನೋಡು, ಸಾಗುವಳಿಗೆ ಬಾರದ ಖರಾಬು ಜಮೀನು ಕೂಡ ಒಮ್ಮೊಮ್ಮೆ ಎರಡು ಮನೆಗಳ ಜಗಳವನ್ನು ಹೀಗೆಯೇ ನುಂಗಿಕೊಳ್ಳುತ್ತದೆ. ಆದರೂ, ಮಗಳೇ, ನಾನು ಕೇಳುವುದು ಬೇರೆ. ಬಂದವರು ಇಂಥವರೂ ಇರುತ್ತಾರೆಂದ ಮೇಲೆ ಹೆಸರು ಕೇಳದೆ ಬಾಗಿಲು ತೆರೆದದ್ದೇ ಮೂಲದೋಷವಲ್ಲವೆ?

ಮಗಳು: ಎಲ್ಲರೂ ಹಾಗೆಯೇ ಎಂದರು, ನನಗದು ಒಪ್ಪಿಗೆಯಿಲ್ಲ. ಬಾಗಿಲು ತೆರೆದದ್ದರಿಂದ ಆ ಸಾಲು ತಪ್ಪಾಗಲಿಲ್ಲ. ಗುಪ್ತಪದ ಪಡೆದ ಪರಿಚಿತನೊಬ್ಬನು ಅದೇ ಹದಿನಾರು ಕೋಣೆಗಳನ್ನು ಮಾಡಿದರೂ ಫಲ ಒಂದೇ. ದುರುದ್ದೇಶವಿಲ್ಲದವನ ಉದ್ದನೆಯ ಹೆಸರಿನಿಂದಲೂ ಯಂತ್ರ ಕುಸಿದೀತು. ಪಾತ್ರೆ ನಮ್ಮದು, ಸೌಟು ನಮ್ಮ ಕೈಯಲ್ಲಿ. ತನ್ನ ಪಾತ್ರೆಯನ್ನು ಅಳೆಯುವುದು ಅತಿಥಿಯ ಮೇಲಿನ ಶಂಕೆಯೂ ಅಲ್ಲ, ಅವನಿಗೆ ಮಾಡುವ ಅವಮಾನವೂ ಅಲ್ಲ. ನೀವು ಆ ವಿಧವೆಯ ಹೊಲವನ್ನು ಮತ್ತೆ ಅಳೆದದ್ದು ಆಕೆಯನ್ನು ನಂಬದೆಯೆ?

ತಂದೆ: ಆಕೆಗಾಗಿ ಅಳೆದೆ.

ಮಗಳು: ಕ್ರಿಸ್ ಇವಾನ್ಸ್ ಎಂಬುವರು 2001ರಿಂದ ಹೊರತಂದ ವಿಎಸ್‌ಎಫ್‌ಟಿಪಿಡಿ ಎಂಬ ಸರ್ವರನ್ನು ಓದಿದಾಗ ನನಗೆ ಆ ಭಾವನೆಯೇ ಬಂತು. ಅದರಲ್ಲಿ ಪ್ರತಿಯೊಂದು ಮಾತೂ ತನ್ನ ಉದ್ದವನ್ನು ತನ್ನೊಡನೆಯೇ ಹೊತ್ತು ತಿರುಗುತ್ತದೆ. ಕೂಡಿಸುವ ಕೆಲಸ ಊರೆಲ್ಲ ಹರಡದೆ ಒಂದೇ ಕಡೆ ನಡೆಯುತ್ತದೆ. ಅತಿಥಿಯೊಡನೆ ಮಾತನಾಡುವವನು ಯಾವ ಅಧಿಕಾರವೂ ಇಲ್ಲದ ಒಬ್ಬ ಸಾಮಾನ್ಯ ಸೇವಕ; ಬೀಗದ ಕೈ ಇರುವವನು ಹಿಂದಿನ ಕೋಣೆಯಲ್ಲಿ ಕುಳಿತು, ಕೇಳಿದ್ದನ್ನು ವಿಚಾರಿಸಿ ಕೊಡುತ್ತಾನೆ. ಅಲ್ಲಿಯೂ ‘ಅನಾನಿಮಸ್’ ಎಂದವನಿಗೆ ಬಾಗಿಲು ತೆರೆಯಬಹುದು. ಛತ್ರವನ್ನು ಮುಚ್ಚದೆ ಅಡಿಗೆಮನೆಯನ್ನು ಸರಿಪಡಿಸುವ ಬಗೆ ಇತ್ತೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

ತಂದೆ: ಆದರೂ ಮುಚ್ಚಿದರು.

ಮಗಳು: ಮುಚ್ಚಿದರು. ಎಫ್‌ಟಿಪಿಯಲ್ಲಿ ಗುಪ್ತಪದವು ಮುಸುಕಿಲ್ಲದೆ ಹರಿದಾಡುತ್ತದೆಂಬುದು, ಅದಕ್ಕಿಂತ ಸುಲಭವಾದ ಮಾರ್ಗಗಳು ಬಂದುವೆಂಬುದು, ಇವೆಲ್ಲ ನ್ಯಾಯವಾದ ಕಾರಣಗಳೇ, ನಾನು ಅಲ್ಲಗಳೆಯುವುದಿಲ್ಲ. 2017ರಲ್ಲಿ ಲಿನಕ್ಸ್ ಕರ್ನೆಲ್‌ನ ಭಂಡಾರವೂ ಡೆಬಿಯನ್ ಯೋಜನೆಯೂ ಸಾರ್ವಜನಿಕರಿಗಾಗಿದ್ದ ತಮ್ಮ ಎಫ್‌ಟಿಪಿ ಬಾಗಿಲನ್ನು ಮುಚ್ಚಿದವು; 2021ರಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎಂಬ ಜಾಲವೀಕ್ಷಕಗಳಿಂದಲೂ ಆ ಹಾದಿ ಅಳಿಸಿಹೋಯಿತು. ಕಡತಗಳನ್ನು ಪಡೆಯುವುದಕ್ಕೆ ಬೇರೆ ದಾರಿಗಳು ಉಳಿದಿವೆ. ಆದರೆ ಹೆಸರು ಹೇಳದವನೊಬ್ಬನು ಬಂದು ಏನನ್ನಾದರೂ ಇಟ್ಟುಹೋಗಬಹುದಾದ ಆ ಕೋಣೆ ಮಾತ್ರ ಕಾಣುವುದೇ ಅಪರೂಪವಾಯಿತು.

ತಂದೆ: ನೀನು ನೋಡಿಕೊಳ್ಳುತ್ತಿದ್ದ ಯಂತ್ರ?

ಮಗಳು: ನಾನು ಆ ಮಧ್ಯಾಹ್ನವೇ ತಿದ್ದುಪಡಿಯನ್ನು ಹಾಕಿ, ಹದಿನಾರು ಕೋಣೆಗಳನ್ನು ನಾನೇ ಮಾಡಿ ನೋಡಿದೆ. ‘ಹೆಸರು ಉದ್ದವಾಯಿತು’ ಎಂದು ಅದು ಸರಿಯಾಗಿ ಹಿಂದಕ್ಕೆ ಕಳುಹಿಸಿತು. ಅಷ್ಟರಲ್ಲಿ ಮೇಲಿನವರಿಂದ ಆಜ್ಞೆ ಬಂದಿತ್ತು: ಸೋಮವಾರದಿಂದ ಅನಾಮಧೇಯರಿಗೆ ಪ್ರವೇಶವಿಲ್ಲ. ತಪ್ಪು ತಿದ್ದಿದೆಯೆಂದು ಲೆಕ್ಕವನ್ನು ಬರೆದ ಕಾಗದವನ್ನೇ ತೋರಿಸಿದೆ. ಅವರು ಅದನ್ನು ಓದಲಿಲ್ಲ. ಶನಿವಾರ ಸಂಜೆ ಇನ್‌ಕಮಿಂಗ್ ಕೋಣೆಯನ್ನು ಖಾಲಿಮಾಡಲು ಕುಳಿತೆ. ಅಲ್ಲಿ ಹಿಂದಿನ ದಿನ ಯಾರೋ ಇಟ್ಟುಹೋಗಿದ್ದ ಒಂದು ಕಡತವಿತ್ತು. ಕನ್ನಡ ಪದಗಳ ಪಟ್ಟಿ, ಕಾಗುಣಿತದ ಪರೀಕ್ಷೆಗೆಂದು ಸಿದ್ಧಮಾಡಿದ್ದು. ಮೊದಲ ಸಾಲಿನಲ್ಲಿ ‘ತಪ್ಪಿದ್ದರೆ ತಿದ್ದಿಕೊಳ್ಳಿ’ ಎಂದು ಬರೆದಿತ್ತು. ಹೆಸರಿರಲಿಲ್ಲ.

ತಂದೆ: ತಿದ್ದಿದೆಯಾ?

ಮಗಳು: ಭಾನುವಾರವೆಲ್ಲ ಕುಳಿತು ತಿದ್ದಿದೆ. ಅಲ್ಪಪ್ರಾಣ ಮಹಾಪ್ರಾಣಗಳ ತಪ್ಪು ಕೆಲವಿದ್ದವು, ಉಳಿದಂತೆ ಅಚ್ಚುಕಟ್ಟಾದ ಕೆಲಸ. ತಿದ್ದಿದ ಪ್ರತಿಯನ್ನು ಹೊರಗೆ ಕಾಣುವ ಕಡೆ ಇಟ್ಟೆ. ಮಾರನೆಯ ಬೆಳಗ್ಗೆ ಬಾಗಿಲು ಮುಚ್ಚಿತು. ಇಟ್ಟವರು ಮತ್ತೆ ಬಂದು ನೋಡಿದರೋ ಇಲ್ಲವೋ.

ತಂದೆ: ಆ ಪಟ್ಟಿ ಎಲ್ಲಿದೆ?

ಮಗಳು: ನನ್ನಲ್ಲಿಯೇ ಇದೆ.

ತಂದೆ: ಮುಂದಿನ ಸಲ ಬರುವಾಗ ದಪ್ಪಕ್ಷರದಲ್ಲಿ ಅಚ್ಚುಹಾಕಿಸಿಕೊಂಡು ಬಾ. ನಾನೂ ಒಮ್ಮೆ ಓದುತ್ತೇನೆ.